ಕೋಲ್ಕತ್ತದಲ್ಲಿ ಎರಡು ರಾತ್ರಿ, ಅಂಡಮಾನಿನಲ್ಲಿ ಏಳು: ಮನೆಮಂದಿಯ ಪ್ರವಾಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾವಿಬ್ಬರು, ಎಂಟು ಮತ್ತು ಹನ್ನೆರಡು ವರ್ಷದ ಮಕ್ಕಳು, ಎಪ್ಪತ್ತು ದಾಟಿದ ಅತ್ತೆ, ಹೀಗೆ ಐವರು ಹೋಗಿಬಂದೆವು. ಅಂದಿನಿಂದ ಮದುವೆಮನೆಯ ಪಂಕ್ತಿಯಲ್ಲಿ, ಶಾಲೆಯ ಗೇಟಿನ ಮುಂದೆ, ವಾಟ್ಸ್‌ಆ್ಯಪ್‌ನಲ್ಲಿ ಅವವೇ ಪ್ರಶ್ನೆಗಳು. ಪ್ರತಿ ಸಲ ಹೊಸದಾಗಿ ಟೈಪ್ ಮಾಡುವ ಬದಲು ಒಂದೇ ಕಡೆ ಬರೆದಿಟ್ಟಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ.

## ಹೊರಡುವ ಮುಂಚೆ

ಪಾಸ್‌ಪೋರ್ಟ್, ಪರ್ಮಿಟ್ಟು ಏನಾದ್ರೂ ಬೇಕಾ?

ಭಾರತೀಯರಿಗೆ ಎರಡೂ ಬೇಡ. ಅಂಡಮಾನಿನ ರಾಜಧಾನಿ ಪೋರ್ಟ್ ಬ್ಲೇರ್, ಹ್ಯಾವ್‌ಲಾಕ್ ಮತ್ತು ನೀಲ್ ದ್ವೀಪಗಳಿಗೆ ಆಧಾರ್ ಅಥವಾ ಮತದಾರರ ಚೀಟಿ ಸಾಕು. ಮಕ್ಕಳ ಆಧಾರನ್ನೂ ಮರೆಯಬೇಡಿ, ದ್ವೀಪದಿಂದ ದ್ವೀಪಕ್ಕೆ ಹೋಗುವ ಹಡಗು ಹತ್ತುವಾಗಲೂ ಗುರುತಿನ ಚೀಟಿ ನೋಡುತ್ತಾರೆ. ಅಮೆರಿಕದ ಪಾಸ್‌ಪೋರ್ಟ್ ಇರುವ ಮೊಮ್ಮಕ್ಕಳು ಜತೆಗಿದ್ದರೆ ಅವರು ವಿಮಾನ ನಿಲ್ದಾಣದಲ್ಲಿ ವಿದೇಶಿಯರ ನೋಂದಣಿ ಮುಗಿಸಿ ಹೊರಬರಬೇಕು. ನಿಕೋಬಾರ್ ಮಾತ್ರ ಬೇರೆ ಲೆಕ್ಕ. ಅದು ಬುಡಕಟ್ಟು ಜನರ ಸಂರಕ್ಷಿತ ಪ್ರದೇಶ, ಪ್ರವಾಸಿಗರು ಸುಮ್ಮನೆ ಹೋಗುವ ಜಾಗವಲ್ಲ.

ಟಿಕೆಟ್ ಬುಕ್ ಮಾಡಕ್ಕೆ ಹೋದ್ರೆ ‘ಶ್ರೀ ವಿಜಯ ಪುರಂ’ ಅಂತ ಬರ್ತಿದೆ. ತಪ್ಪು ಊರಿಗೆ ಮಾಡ್ತಿದ್ದೀನಾ?

ಇಲ್ಲ, ಅದೇ ಊರು. ಪೋರ್ಟ್ ಬ್ಲೇರ್‌ಗೆ 2024ರ ಸೆಪ್ಟೆಂಬರ್‌ನಲ್ಲಿ ಇಟ್ಟ ಹೆಸರು ಅದು. ಹ್ಯಾವ್‌ಲಾಕ್ 2018ರ ಡಿಸೆಂಬರ್‌ನಲ್ಲಿ ಸ್ವರಾಜ್ ದ್ವೀಪವಾಯಿತು, ನೀಲ್ ಶಹೀದ್ ದ್ವೀಪವಾಯಿತು, ರಾಸ್ ದ್ವೀಪಕ್ಕೆ ನೇತಾಜಿಯ ಹೆಸರು ಬಂತು. ಟಿಕೆಟ್ಟಿನಲ್ಲಿ ಹೊಸ ಹೆಸರು, ಆಟೋದವರ ಬಾಯಲ್ಲಿ ಹಳೆಯ ಹೆಸರು. ಎರಡನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಎಲ್ಲರಿಗೂ ಬಾಯಿಗೆ ಬರುವ ಹಳೆಯ ಹೆಸರುಗಳನ್ನೇ ಇಲ್ಲೂ ಬಳಸಿದ್ದೇನೆ.

ಯಾವ ತಿಂಗಳು ಒಳ್ಳೇದು? ನಮಗೆ ಮಕ್ಕಳ ರಜೆ ಬಿಟ್ರೆ ಬೇರೆ ದಾರಿ ಇಲ್ಲ.

ರಜೆಯ ಹಂಗಿಲ್ಲದಿದ್ದರೆ ಜನವರಿ ಕೊನೆ ಮತ್ತು ಫೆಬ್ರುವರಿ. ಆಗ ಕೋಲ್ಕತ್ತದಲ್ಲಿ ತಂಪು, ಅಂಡಮಾನಿನಲ್ಲಿ ಕಡಲು ಶಾಂತ.

ರಜೆಯಲ್ಲೇ ಹೋಗಬೇಕು ಅನ್ನುವವರಿಗೆ ಮೂರು ದಾರಿ. ಕ್ರಿಸ್‌ಮಸ್ ವಾರ ಎಲ್ಲದಕ್ಕಿಂತ ದುಬಾರಿ, ಎಲ್ಲೆಲ್ಲೂ ಜನ. ದಸರೆಗೆ ಹೋದರೆ ಕೋಲ್ಕತ್ತದ ದುರ್ಗಾಪೂಜೆ ಸಿಗುತ್ತದೆ. ಮೈಸೂರು ದಸರೆ ನೋಡಿ ಬೆಳೆದ ನಮಗೂ ಬೆರಗಾಗುವಂಥ ಹಬ್ಬ ಅದು, ಆದರೆ ಆಗ ದ್ವೀಪಗಳಲ್ಲಿ ಇನ್ನೂ ಮಳೆ. ಉಳಿದದ್ದು ಬೇಸಿಗೆ ರಜೆ. ಏಪ್ರಿಲ್‌ನಲ್ಲಿ ಅಂಡಮಾನ್ ಚೆನ್ನಾಗಿಯೇ ಇರುತ್ತದೆ, ನೀರೂ ತಿಳಿ. ಕೋಲ್ಕತ್ತ ಮಾತ್ರ ಬೆವರಿಳಿಸುತ್ತದೆ. ನಾವು ಹೋಗಿದ್ದು ಏಪ್ರಿಲ್ ಮೊದಲ ವಾರ. ನಗರವನ್ನು ಬೆಳಿಗ್ಗೆ ಮತ್ತು ಸಂಜೆ ನೋಡಿ ಮಧ್ಯಾಹ್ನ ಕೋಣೆಯಲ್ಲಿ ಮಲಗಿದೆವು. ಮೇ ಮಧ್ಯದ ಹೊತ್ತಿಗೆ ಮುಂಗಾರು ನಮಗಿಂತ ಮೊದಲೇ ಅಲ್ಲಿಗೆ ಮುಟ್ಟುತ್ತದೆ, ಅಷ್ಟರೊಳಗೆ ವಾಪಸ್ ಬನ್ನಿ.

ಬೆಂಗಳೂರಿಂದ ನೇರ ವಿಮಾನ ಇರುವಾಗ ಕೋಲ್ಕತ್ತ ಸುತ್ತು ಯಾಕೆ? ಚೆನ್ನೈ ಆದ್ರೂ ಹತ್ತಿರ.

ನೇರ ಹೋದರೆ ಸುಮಾರು ಎರಡೂವರೆ ಗಂಟೆ. ಕೋಲ್ಕತ್ತದ ಮೇಲೆ ಹೋದರೆ ಎರಡೂವರೆ ಮತ್ತು ಎರಡೂಕಾಲು. ಲೆಕ್ಕದಲ್ಲಿ ನಷ್ಟವೇ. ಚೆನ್ನೈಗೆ ಒಂದು ಶನಿವಾರ ಬೆಳಿಗ್ಗೆ ರೈಲು ಹತ್ತಿ ಹೋಗಿಬರಬಹುದು. ಕೋಲ್ಕತ್ತಕ್ಕೆ ಹಾಗೆ ಹೋಗುವವರು ಯಾರು?

ಆದರೆ ನಿಜವಾದ ಕಾರಣ ಅದಲ್ಲ. ಕೋಲ್ಕತ್ತ ನೋಡಿದ ಮೇಲೆ ಅಂಡಮಾನ್ ಬೇರೆಯಾಗಿ ಕಾಣುತ್ತದೆ. ಅಲೀಪುರ ಬಾಂಬ್ ಮೊಕದ್ದಮೆಯ ಕ್ರಾಂತಿಕಾರಿಗಳಾದ ಬಾರೀಂದ್ರ ಘೋಷ್, ಉಲ್ಲಾಸಕರ್ ದತ್ತರನ್ನು ಬ್ರಿಟಿಷರು ಅಲ್ಲಿಂದಲೇ ಪೋರ್ಟ್ ಬ್ಲೇರ್‌ನ ಸೆಲ್ಯುಲಾರ್ ಜೈಲಿಗೆ ಕಳಿಸಿದ್ದು. ನೇತಾಜಿ ಎಲ್ಗಿನ್ ರಸ್ತೆಯ ಮನೆಯಿಂದ 1941ರ ಜನವರಿಯ ಒಂದು ನಡುರಾತ್ರಿ ವೇಷ ಮರೆಸಿಕೊಂಡು ಕಾರಿನಲ್ಲಿ ತಪ್ಪಿಸಿಕೊಂಡರು. ಸುಮಾರು ಮೂರು ವರ್ಷ ಕಳೆದು 1943ರ ಡಿಸೆಂಬರ್ 30ರಂದು ಪೋರ್ಟ್ ಬ್ಲೇರ್‌ನಲ್ಲಿ ಬಾವುಟ ಹಾರಿಸಿದರು. ಶಹೀದ್, ಸ್ವರಾಜ್ ಎಂಬ ಹೆಸರುಗಳೂ ಅವರ ಮಾತಿನಿಂದಲೇ ಬಂದವು. ಆ ಕಾರು ಇವತ್ತಿಗೂ ಎಲ್ಗಿನ್ ರಸ್ತೆಯ ಅದೇ ಮನೆಯಲ್ಲಿ, ಈಗಿನ ನೇತಾಜಿ ಭವನದಲ್ಲಿದೆ. ದೊಡ್ಡ ಮಗ ಮೊದಲು ಕಾರು ನೋಡಿದ, ಕೆಲವು ದಿನದ ಮೇಲೆ ಬಾವುಟದ ಜಾಗ ನೋಡಿದ. ಪಾಠದ ಪುಸ್ತಕದಲ್ಲಿ ಬೇರೆ ಬೇರೆ ಪುಟದಲ್ಲಿದ್ದವು ಅವನಿಗೆ ಒಂದೇ ಕತೆಯಾದವು.

ನಗರವನ್ನು ಮೊದಲೇ ಇಟ್ಟುಕೊಳ್ಳಿ. ಸಮುದ್ರ ಬಿಟ್ಟು ಬಂದ ಮಕ್ಕಳನ್ನು ಮ್ಯೂಸಿಯಂಗೆ ಎಳೆದುಕೊಂಡು ಹೋಗುವ ಶಿಕ್ಷೆ ಶತ್ರುವಿಗೂ ಬೇಡ. ವಾಪಸು ಬರುವಾಗ ಪೋರ್ಟ್ ಬ್ಲೇರ್‌ನಿಂದ ನೇರ ಬೆಂಗಳೂರಿಗೆ ಬನ್ನಿ.

ಎಷ್ಟು ದಿನ ಬೇಕು? ಐದು ದಿನದಲ್ಲಿ ಮುಗಿಸ್ಬಹುದಾ?

ಮುಗಿಸಬಹುದು, ಪ್ರವಾಸವನ್ನಲ್ಲ, ನಿಮ್ಮನ್ನು. ಐದೇ ದಿನ ಇದ್ದರೆ ಕೋಲ್ಕತ್ತ ಬಿಟ್ಟು ಪೋರ್ಟ್ ಬ್ಲೇರ್ ಜತೆಗೆ ಒಂದೇ ದ್ವೀಪ ನೋಡಿ. ನಮ್ಮದು ಒಂಬತ್ತು ರಾತ್ರಿ: ಕೋಲ್ಕತ್ತ ಎರಡು, ಪೋರ್ಟ್ ಬ್ಲೇರ್ ಒಂದು, ಹ್ಯಾವ್‌ಲಾಕ್ ಮೂರು, ನೀಲ್ ಎರಡು, ಕೊನೆಗೆ ಮತ್ತೆ ಪೋರ್ಟ್ ಬ್ಲೇರ್ ಒಂದು. ಆ ಕೊನೆಯ ಒಂದು ರಾತ್ರಿಯನ್ನು ಯಾವ ಕಾರಣಕ್ಕೂ ಕಿತ್ತುಹಾಕಬೇಡಿ. ಯಾಕೆ ಅನ್ನುವುದು ಕಟ್ಟಕಡೆಯ ಪ್ರಶ್ನೆಯಲ್ಲಿದೆ.

ಹಡಗಲ್ಲೇ ಹೋದ್ರೆ ಹೇಗೆ? ಅಗ್ಗ ಅಂತಾರೆ.

ಕೋಲ್ಕತ್ತ, ಚೆನ್ನೈ, ವಿಶಾಖಪಟ್ಟಣದಿಂದ ಪ್ರಯಾಣಿಕರ ಹಡಗುಗಳಿವೆ, ಹೆಚ್ಚುಕಡಿಮೆ ಮೂರು ದಿನದ ದಾರಿ. ಒಂಟಿಯಾಗಿ, ಗಡಿಬಿಡಿಯಿಲ್ಲದೆ ಹೋಗುವವರಿಗೆ ಅದೊಂದು ಅನುಭವ. ಮಕ್ಕಳು, ವಯಸ್ಸಾದವರು ಜತೆಗಿದ್ದರೆ ಆ ಯೋಚನೆ ಬಿಡಿ.

ನಮ್ಮನೆಯವರು ಕೇಂದ್ರ ಸರ್ಕಾರಿ ನೌಕರರು. ಎಲ್‌ಟಿಸಿ ಸಿಗುತ್ತಾ?

ಈಶಾನ್ಯ ರಾಜ್ಯ, ಕಾಶ್ಮೀರ, ಲಡಾಖ್ ಜತೆಗೆ ಅಂಡಮಾನಿಗೂ ವಿಶೇಷ ರಿಯಾಯಿತಿ ಇದ್ದು, ಸ್ವಂತ ಊರಿನ ಎಲ್‌ಟಿಸಿಯನ್ನು (ನೌಕರರಿಗೆ ಸರ್ಕಾರ ಕೊಡುವ ರಜೆ ಪ್ರವಾಸದ ಖರ್ಚು) ಇಲ್ಲಿಗೆ ಬದಲಾಯಿಸಿಕೊಳ್ಳಬಹುದು. ಈ ಆದೇಶವನ್ನು ಅವಧಿ ಅವಧಿಗೆ ಮುಂದುವರಿಸುತ್ತಾರೆ, ಹಾಗಾಗಿ ಚಾಲ್ತಿಯಲ್ಲಿರುವ ಆದೇಶದ ಪ್ರತಿ ಕೈಯಲ್ಲಿಟ್ಟುಕೊಂಡೇ ಹೊರಡಿ. ಟಿಕೆಟ್ಟನ್ನು ಸರ್ಕಾರ ಹೇಳಿದ ಏಜೆಂಟರ ಮೂಲಕವೇ ಕೊಳ್ಳಬೇಕು. ಕೋಲ್ಕತ್ತದಲ್ಲಿ ಇಳಿದು ಉಳಿಯುವ ವಿಚಾರವನ್ನು ಕಚೇರಿಗೆ ಮೊದಲೇ ಬರಹದಲ್ಲಿ ತಿಳಿಸಿ ಒಪ್ಪಿಗೆ ಪಡೆಯಿರಿ. ಬಿಲ್ಲು ವಾಪಸು ಬರುವುದು ಇಂಥ ಸಣ್ಣ ವಿಷಯಕ್ಕೇ.

## ಕೋಲ್ಕತ್ತದಲ್ಲಿ

ಎರಡು ದಿನದಲ್ಲಿ ಮಕ್ಕಳಿಗೆ ಬೇಜಾರಾಗದ ಹಾಗೆ ಏನು ನೋಡೋದು?

ಮಕ್ಕಳಿಗೆ ಕೋಲ್ಕತ್ತ ಅಂದರೆ ವಾಹನ. ಹಳದಿ ಟ್ಯಾಕ್ಸಿ, ಉಳಿದಿರುವ ಒಂದೆರಡು ಮಾರ್ಗದ ಟ್ರಾಮ್, ಹೂಗ್ಲಿ ದಾಟುವ ಲಾಂಚು, ನದಿಯ ಅಡಿಯಲ್ಲಿ ಓಡುವ ಮೆಟ್ರೊ. ದೇಶದಲ್ಲಿ ಮೊದಲು ಮೆಟ್ರೊ ಓಡಿದ್ದೇ ಇಲ್ಲಿ, 1984ರಲ್ಲಿ. ಹೌರಾ ಮೈದಾನದಿಂದ ಎಸ್ಪ್ಲನೇಡಿಗೆ ಹೋಗುವ ಸುರಂಗ ಶುರುವಾಗಿದ್ದು 2024ರ ಮಾರ್ಚ್‌ನಲ್ಲಿ. ನದಿಯ ಕೆಳಗಿನ ಅರ್ಧ ಕಿಲೋಮೀಟರ್ ದಾರಿ ಮುಕ್ಕಾಲು ನಿಮಿಷದಲ್ಲಿ ಮುಗಿದುಹೋಗುತ್ತದೆ. ಕಿಟಕಿಯಾಚೆ ನೀಲಿ ದೀಪ ಬಿಟ್ಟರೆ ಮತ್ತೇನಿಲ್ಲ. ‘ಮೀನು ಎಲ್ಲಿ?’ ಎಂದು ಚಿಕ್ಕವಳು ಕೇಳಿದಾಗ ಇಡೀ ಬೋಗಿ ನಕ್ಕಿತು. ಹೋಗುವಾಗ ಮೆಟ್ರೊ, ಬರುವಾಗ ಹೌರಾದಿಂದ ಲಾಂಚು ಹಿಡಿಯಿರಿ. 1943ರಿಂದ ನಿಂತಿರುವ ಹೌರಾ ಸೇತುವೆ ನೀರಿನ ಮೇಲಿಂದಲೇ ಚೆನ್ನಾಗಿ ಕಾಣುವುದು. ಅರ್ಧ ದಿನ ಇಷ್ಟಕ್ಕೇ ಬಿಡಿ.

ಉಳಿದದ್ದರಲ್ಲಿ ಆರಿಸಿಕೊಳ್ಳಿ. ಇಂಡಿಯನ್ ಮ್ಯೂಸಿಯಂ 1814ರದ್ದು, ಈಜಿಪ್ಟಿನ ಮಮ್ಮಿ ಇದೆ ಅಂದರೆ ಮಕ್ಕಳು ತಾವೇ ಮುಂದೆ ಓಡುತ್ತಾರೆ. ಹತ್ತು ದಾಟಿದವರಿಗೆ ನೇತಾಜಿ ಭವನ, ಹಳೆಯ ಅಲೀಪುರ ಜೈಲಿನ ಮ್ಯೂಸಿಯಂ. ಚಿಕ್ಕವರಿಗೆ ಸೈನ್ಸ್ ಸಿಟಿ. ಇಂಡಿಯನ್ ಮ್ಯೂಸಿಯಂ, ವಿಕ್ಟೋರಿಯಾ ಮೆಮೋರಿಯಲ್ಲಿನ ಒಳಾಂಗಣ, ನೇತಾಜಿ ಭವನ ಎಲ್ಲಕ್ಕೂ ಸೋಮವಾರ ರಜೆ. ಟಿಕೆಟ್ ತೆಗೆಯುವಾಗಲೇ ವಾರ ನೋಡಿಕೊಳ್ಳಿ. ವಿಮಾನ ನಿಲ್ದಾಣಕ್ಕೂ 2025ರ ಆಗಸ್ಟ್‌ನಿಂದ ಮೆಟ್ರೊ ಬಂದಿದೆ, ಸಾಮಾನು ಕಡಿಮೆ ಇದ್ದರೆ ಅದೇ ಸಲೀಸು.

ನಾವು ಈರುಳ್ಳಿ ಕೂಡ ವಾರಕ್ಕೆರಡು ದಿನ ತಿನ್ನಲ್ಲ. ಮೀನಿನ ಊರಲ್ಲಿ ಊಟಕ್ಕೇನು ಗತಿ?

ಗತಿ ಚೆನ್ನಾಗಿಯೇ ಇದೆ. ಬಂಗಾಳಿ ಮನೆಗಳಲ್ಲಿ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆಯ ದೊಡ್ಡ ಪರಂಪರೆಯೇ ಉಂಟು. ಬೆಳಗಿನ ತಿಂಡಿಗೆ ಲೂಚಿ, ತೆಂಗಿನ ಚೂರು ಹಾಕಿದ ಕಡಲೆಬೇಳೆಯ ಛೋಲಾರ್ ದಾಲ್ ಕೇಳಿ. ಲೂಚಿ ಅಂದರೆ ಮೈದಾದ ಬಿಳಿ ಪೂರಿ. ಊಟಕ್ಕೆ ಮಾರವಾಡಿಗಳ ಭೋಜನಾಲಯಗಳು ಊರ ತುಂಬ ಇವೆ. ಮೂರನೇ ಹೊತ್ತಿಗೆ ಅತ್ತೆಯ ಮುಖ ಬಾಡಿತು ಅನ್ನಿ, ಲೇಕ್ ಮಾರ್ಕೆಟ್ ಕಡೆಗೆ ಹೋಗಿ. ದಕ್ಷಿಣದವರು ತಲೆಮಾರುಗಳಿಂದ ನೆಲೆಸಿರುವ ಬಡಾವಣೆ, ಇಡ್ಲಿ, ದೋಸೆ, ಫಿಲ್ಟರ್ ಕಾಫಿ ಸಿಗುತ್ತದೆ. ಮೊಘಲಾಯಿ ಪರೋಟದೊಳಗೆ ಮೊಟ್ಟೆ ಇರುತ್ತದೆ, ಕೇಳಿಯೇ ತಿನ್ನಿ. ಮಿಷ್ಟಿ ದೊಯಿಯನ್ನು ಮಣ್ಣಿನ ಕುಡಿಕೆಯಲ್ಲೇ ತಿನ್ನಬೇಕು, ಚಳಿಗಾಲದಲ್ಲಿ ಹೋದರೆ ಖರ್ಜೂರದ ಬೆಲ್ಲದ ಸಂದೇಶ್ ಬಿಡಬಾರದು.

ದ್ವೀಪಗಳಲ್ಲಿ ತಮಿಳರು, ತೆಲುಗರು ಸಾಕಷ್ಟಿದ್ದಾರೆ, ಅನ್ನ ಸಾರಿಗೆ ತೊಂದರೆಯಿಲ್ಲ. ಮೀನು ತಿನ್ನುವವರಿಗೆ ಹಬ್ಬ. ಒಟ್ಟಿನಲ್ಲಿ ಚಟ್ನಿಪುಡಿ ಡಬ್ಬಿಯ ಮುಚ್ಚಳ ನಾವು ತೆಗೆಯಲೇ ಇಲ್ಲ.

## ದ್ವೀಪಗಳಲ್ಲಿ

ಅಲ್ಲಿ ಐದು ಗಂಟೆಗೇ ಕತ್ತಲಾಗುತ್ತಂತೆ, ನಿಜವಾ?

ಡಿಸೆಂಬರಿನಲ್ಲಿ ನಿಜ. ಅಂಡಮಾನ್ ಬೆಂಗಳೂರಿಗಿಂತ ಸುಮಾರು 15 ಡಿಗ್ರಿ ಪೂರ್ವಕ್ಕಿದೆ, ಗಡಿಯಾರ ಮಾತ್ರ ಒಂದೇ. ಹಾಗಾಗಿ ಸೂರ್ಯ ಒಂದು ಗಂಟೆ ಮೊದಲು ಹುಟ್ಟಿ ಒಂದು ಗಂಟೆ ಮೊದಲು ಮುಳುಗುತ್ತಾನೆ. ಏಪ್ರಿಲ್‌ನಲ್ಲೂ ಐದೂವರೆಗೆ ಸೂರ್ಯಾಸ್ತ. ‘ನಾಲ್ಕಕ್ಕೆ ಕಾಫಿ ಕುಡಿದು ಬೀಚಿಗೆ ಹೋಗೋಣ’ ಎನ್ನುವ ನಮ್ಮ ಲೆಕ್ಕ ಅಲ್ಲಿ ನಡೆಯದು. ಮೊದಲ ಸಂಜೆ ರಾಧಾನಗರ ಬೀಚಿಗೆ ನಾವು ಮುಟ್ಟಿದಾಗ ಜನ ಟವೆಲ್ ಕೊಡವಿಕೊಂಡು ಹೊರಡುತ್ತಿದ್ದರು. ಮಾರನೆಯ ದಿನದಿಂದ ಐದಕ್ಕೆ ಎದ್ದು ಒಂಬತ್ತಕ್ಕೆ ಮಲಗಿದೆವು. ಅತ್ತೆಗೆ ಮಾತ್ರ ಯಾವ ವ್ಯತ್ಯಾಸವೂ ಆಗಲಿಲ್ಲ, ಅವರ ದಿನಚರಿ ಮೊದಲಿನಿಂದಲೂ ಅದೇ.

ಸರ್ಕಾರಿ ಹಡಗಾ, ಖಾಸಗಿಯಾ? ನನಗೆ ಘಾಟಿ ಬಸ್ಸಲ್ಲೇ ವಾಂತಿ ಬರುತ್ತೆ.

ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕಿಗೆ ಖಾಸಗಿ ವೇಗದ ಹಡಗಿನಲ್ಲಿ ಒಂದೂವರೆ ಗಂಟೆ, ಸರ್ಕಾರಿಯಲ್ಲಿ ಎರಡೂವರೆ. ಖಾಸಗಿಯದು ದುಬಾರಿ, ಎಸಿ, ಸೀಟು ಗಟ್ಟಿ, ಆದರೆ ಕಿಟಕಿ ತೆರೆಯುವುದಿಲ್ಲ. ಸರ್ಕಾರಿ ಹಡಗಿನಲ್ಲಿ ಮೇಲೆ ಬಯಲಿನಲ್ಲಿ ನಿಂತು ಗಾಳಿ ಕುಡಿಯಬಹುದು. ಹೊಟ್ಟೆ ತೊಳಸುವವರಿಗೆ ಆ ಗಾಳಿಯೇ ಔಷಧ. ಖಾಸಗಿಯಲ್ಲಿ ಹೋಗುವುದಾದರೆ ಕೆಳಗಿನ ಅಂತಸ್ತಿನ ನಡುಭಾಗದ ಸೀಟು ಕೇಳಿ, ಓಲಾಟ ಅಲ್ಲಿ ಕಡಿಮೆ. ವೈದ್ಯರನ್ನು ಕೇಳಿ ತಂದ ಮಾತ್ರೆಯನ್ನು ಹೊರಡುವ ಅರ್ಧ ಮುಕ್ಕಾಲು ಗಂಟೆ ಮೊದಲೇ ನುಂಗಬೇಕು, ತೊಳಸಲು ಶುರುವಾದ ಮೇಲೆ ನುಂಗಿದರೆ ಅದೂ ಹೊರಗೇ. ಫೋನು ನೋಡಬೇಡಿ, ದೂರದ ದಿಗಂತ ನೋಡಿ. ಟಿಕೆಟ್ಟನ್ನು ವಿಮಾನದ ಟಿಕೆಟ್ ಆದ ಕೂಡಲೇ ತೆಗೆಯಿರಿ, ಬೆಳಗಿನ ಹಡಗನ್ನೇ ಆರಿಸಿ.

ಹ್ಯಾವ್‌ಲಾಕು, ನೀಲ್ ಎರಡರಲ್ಲಿ ಒಂದೇ ಅಂದ್ರೆ ಯಾವುದು?

ನೀರಿಗಿಳಿಯುವ ವಯಸ್ಸಿನ ಮಕ್ಕಳಿದ್ದರೆ ಹ್ಯಾವ್‌ಲಾಕ್. ರಾಧಾನಗರದಲ್ಲಿ ಎರಡು ಕಿಲೋಮೀಟರ್ ಉದ್ದದ ಬಿಳಿ ಮರಳು, ಬೆನ್ನಿಗೆ ಮುಗಿಲೆತ್ತರದ ಕಾಡು. ಅಲ್ಲಿ ಈಜು, ಆಟ. ಹವಳ ನೋಡಬೇಕೆಂದರೆ ಎಲಿಫೆಂಟ್ ಬೀಚ್, ಜೆಟ್ಟಿಯಿಂದ ದೋಣಿಯಲ್ಲಿ ಇಪ್ಪತ್ತು ನಿಮಿಷದ ದಾರಿ.

ತೊಟ್ಟಿಲ ಕೂಸು ಅಥವಾ ಹಿರಿಯರಿದ್ದರೆ ನಾನು ನೀಲ್ ಅನ್ನುತ್ತೇನೆ. ಚಿಕ್ಕ ದ್ವೀಪ, ಸಮತಟ್ಟು ನೆಲ, ಗದ್ದೆ, ತರಕಾರಿ ತೋಟ, ಅಡಿಕೆ ಮರ. ನಮ್ಮ ಕರಾವಳಿಯ ಯಾವುದೋ ಹಳ್ಳಿಗೆ ಬಂದಂತೆ ಅನಿಸುತ್ತದೆ. ದೇಶ ವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರು ಈ ಎರಡೂ ದ್ವೀಪಗಳಲ್ಲಿ ನೆಲೆಸಿದರು. ನೀಲ್‌ನಲ್ಲಿ ರಾಮಾಯಣ: ಭರತಪುರ, ಲಕ್ಷ್ಮಣಪುರ, ಸೀತಾಪುರ. ಹ್ಯಾವ್‌ಲಾಕಿನಲ್ಲಿ ಕೃಷ್ಣ: ಗೋವಿಂದನಗರ, ಶ್ಯಾಮನಗರ, ರಾಧಾನಗರ. ಈ ಹೆಸರುಗಳ ಗುಟ್ಟು ಕಂಡುಹಿಡಿದದ್ದು ಅತ್ತೆ, ನಕ್ಷೆ ಕೈಯಲ್ಲಿದ್ದ ನಾವಲ್ಲ.

ಅಮ್ಮನಿಗೆ ಮಂಡಿನೋವು. ಕರ್ಕೊಂಡು ಹೋದ್ರೆ ರೂಮಲ್ಲೇ ಕೂತಿರಬೇಕಾಗುತ್ತಾ?

ಬೇಕಿಲ್ಲ. ಕಷ್ಟ ಇರುವುದು ದೋಣಿ ಹತ್ತಿ ಇಳಿಯುವಲ್ಲಿ, ಅದೂ ಜೆಟ್ಟಿ ಇಲ್ಲದ ಕಡೆ. ಎಲಿಫೆಂಟ್ ಬೀಚಿಗೆ, ನೀಲ್‌ನ ಸಹಜ ಕಲ್ಲು ಸೇತುವೆಗೆ ಅವರನ್ನು ಎಳೆಯಬೇಡಿ. ಆ ಸೇತುವೆಯ ದಾರಿ ಪಾಚಿ ಹಿಡಿದ ಬಂಡೆ, ಕಡಲು ಇಳಿದಾಗ ಮಾತ್ರ ನಡೆಯಲು ಸಾಧ್ಯ. ಭರತಪುರದಲ್ಲಿ ತಳಕ್ಕೆ ಗಾಜು ಹಾಕಿದ ದೋಣಿ ಇದೆ, ಕುಳಿತಲ್ಲೇ ಹವಳ, ಮೀನು ಕಾಣುತ್ತವೆ. ಪೋರ್ಟ್ ಬ್ಲೇರ್ ಎದುರಿನ ರಾಸ್ ದ್ವೀಪದಲ್ಲಿ ಸುತ್ತಲು ಬ್ಯಾಟರಿ ಗಾಡಿ ಸಿಗುತ್ತದೆ. ಬ್ರಿಟಿಷರ ಬಂಗಲೆಗಳ ಗೋಡೆಗಳನ್ನು ಬೇರುಗಳು ಹಿಡಿದು ನಿಂತಿವೆ, ಜಿಂಕೆಗಳು ಕಾಲಡಿಗೇ ಬರುತ್ತವೆ. ಅತ್ತೆಗೆ ಇಡೀ ಪ್ರವಾಸದಲ್ಲಿ ಹಿಡಿಸಿದ ಜಾಗ ಅದು.

ಸೆಲ್ಯುಲಾರ್ ಜೈಲು ಮಕ್ಕಳಿಗೆ ತೋರಿಸ್ಬಹುದಾ? ಹೆದರಲ್ವಾ?

ತೋರಿಸಿ. ಆದರೆ ಮೊದಲು ಕಟ್ಟಡದ ಲೆಕ್ಕದಿಂದ ಶುರುಮಾಡಿ. 1896ರಿಂದ 1906ರವರೆಗೆ ಕಟ್ಟಿದ್ದು. ನಡುವೆ ಒಂದು ಗೋಪುರ, ಅದರಿಂದ ಚಕ್ರದ ಅರೆಗಳಂತೆ ಏಳು ಸಾಲು. ಇವತ್ತು ಉಳಿದಿರುವುದು ಮೂರು. ಒಂದು ಸಾಲಿನ ಬಾಗಿಲುಗಳು ಪಕ್ಕದ ಸಾಲಿನ ಬೆನ್ನಿಗೆ ಮುಖ ಮಾಡಿವೆ, ಒಬ್ಬ ಕೈದಿಗೆ ಇನ್ನೊಬ್ಬನ ಮುಖ ಕಾಣಬಾರದೆಂದು. ಅದನ್ನು ತೋರಿಸಿ ‘ಯಾಕೆ ಹೀಗೆ ಕಟ್ಟಿದ್ರು ಹೇಳು’ ಎಂದರೆ ಮಕ್ಕಳೇ ಹೇಳುತ್ತಾರೆ. ಕೈದಿಗಳಿಂದ ಎಣ್ಣೆಗಾಣ ಎಳೆಸಿದ ಕತೆ, ಗಲ್ಲಿನ ಕೋಣೆ ಎಷ್ಟು ಹೇಳಬೇಕೆಂಬುದು ನಿಮ್ಮ ಮಕ್ಕಳ ಮೇಲೆ. ಸಂಜೆಯ ಬೆಳಕು–ಧ್ವನಿ ಪ್ರದರ್ಶನದಲ್ಲಿ ಚಿಕ್ಕವಳು ನಿದ್ದೆಹೋದಳು, ದೊಡ್ಡವನು ರಾತ್ರಿ ಊಟದ ತನಕ ಮಾತಾಡಲಿಲ್ಲ.

ಫೋನು, ಎಟಿಎಂ ಎಲ್ಲಾ ನಡಿಯುತ್ತಾ?

ಚೆನ್ನೈನಿಂದ ಸಮುದ್ರದಡಿಯ ಕೇಬಲ್ 2020ರ ಆಗಸ್ಟ್‌ನಲ್ಲಿ ಬಂದ ಮೇಲೆ ಮೊದಲಿನ ಗೋಳಿಲ್ಲ. ಆದರೂ ಹೊರದ್ವೀಪಗಳಲ್ಲಿ ಸಿಗ್ನಲ್ ಬಂದು ಹೋಗಿ ಮಾಡುತ್ತದೆ. ಟಿಕೆಟ್, ಹೋಟೆಲ್ ಚೀಟಿಗಳನ್ನು ಮುದ್ರಿಸಿಕೊಳ್ಳಿ, ನಾಲ್ಕು ದಿನದ ನಗದು ಪೋರ್ಟ್ ಬ್ಲೇರ್‌ನಲ್ಲೇ ತೆಗೆದುಕೊಳ್ಳಿ.

## ಇನ್ನಷ್ಟು ಆಳಕ್ಕೆ ಇಳಿಯುವವರಿಗೆ

ಈಜು ಬರಲ್ಲ. ಸ್ಕೂಬಾ ಮಾಡಬಹುದಾ? ಮಗನಿಗೆ ಒಂಬತ್ತು, ಅವನೂ ಹಟ ಹಿಡಿದಿದ್ದಾನೆ.

ಮೊದಲ ಸಲದವರ ಡೈವ್‌ಗೆ ಈಜು ಬೇಕಿಲ್ಲ, ಕಲಿಸುವವರು ಕೈ ಬಿಡದೆ ಜತೆಗೇ ಇರುತ್ತಾರೆ. ಮುರುಡೇಶ್ವರದ ನೇತ್ರಾಣಿಯಲ್ಲಿ ಇಳಿದವರಿಗೆ ಇದು ಗೊತ್ತಿರುತ್ತದೆ. ಕಡಲಿನಲ್ಲಿ ಡೈವ್ ಮಾಡಲು ಹತ್ತು ವರ್ಷ ತುಂಬಿರಬೇಕು. ಒಂಬತ್ತರವನಿಗೆ ‘ನಡಿಯತ್ತೆ ಬಿಡಿ’ ಅನ್ನುವವರು ಸಿಕ್ಕರೆ ಅಂಥವರ ಹತ್ತಿರ ನೀವೂ ಇಳಿಯಬೇಡಿ. ಅವನಿಗೆ ಸ್ನಾರ್ಕೆಲಿಂಗ್, ಅಂದರೆ ಬಾಯಿಗೆ ಕೊಳವೆ ಇಟ್ಟುಕೊಂಡು ಮೇಲೆ ತೇಲುತ್ತಲೇ ನೀರಿನೊಳಗೆ ನೋಡುವುದು ಸಾಕು.

ಮೂಗು ಕಟ್ಟಿದ್ದರೆ, ನೆಗಡಿ ಇದ್ದರೆ ಆ ದಿನ ಡೈವ್ ಬೇಡ, ಕಿವಿಯ ಒತ್ತಡ ಸರಿಹೋಗುವುದಿಲ್ಲ. ಅಸ್ತಮಾ, ಹೃದಯದ ತೊಂದರೆ, ಬಿಪಿ ಇದ್ದವರು ಮೊದಲೇ ವೈದ್ಯರನ್ನು ಕೇಳಿ, ಅರ್ಜಿಯಲ್ಲಿ ಮುಚ್ಚಿಡಬೇಡಿ. ಡೈವ್ ಆದ ಮೇಲೆ ವಿಮಾನ ಹತ್ತಲು 18 ಗಂಟೆಯಾದರೂ ಕಳೆದಿರಲಿ. ಅದಕ್ಕೇ ಡೈವನ್ನು ಹ್ಯಾವ್‌ಲಾಕಿನ ಎರಡನೆಯ ದಿನಕ್ಕೆ ಇಟ್ಟುಕೊಳ್ಳಿ, ಊರಿಗೆ ಹೊರಡುವ ಹಿಂದಿನ ದಿನಕ್ಕಲ್ಲ.

ರಾತ್ರಿ ಹೊಳೆಯೋ ನೀರು ನಿಜವಾಗ್ಲೂ ಕಾಣುತ್ತಾ?

ಕಾಣುತ್ತದೆ, ಕತ್ತಲಿದ್ದರೆ. ಕಣ್ಣಿಗೆ ಕಾಣದ ತೇಲುಜೀವಿಗಳು ನೀರು ಕಲಕಿದಾಗ ನೀಲಿಯಾಗಿ ಮಿಣುಗುತ್ತವೆ. ಹುಣ್ಣಿಮೆಯ ಆಸುಪಾಸು ಹೋದರೆ ರಾತ್ರಿ ದೋಣಿಯಲ್ಲಿ ಹುಟ್ಟು ಹಾಕಿ ತೋಳು ನೋಯಿಸಿಕೊಂಡದ್ದಷ್ಟೇ ಲಾಭ. ಅಮಾವಾಸ್ಯೆಯ ಹಿಂದುಮುಂದಿನ ದಿನ ನೋಡಿ. ಗೋಡೆಯ ಕ್ಯಾಲೆಂಡರ್ ಇಲ್ಲಿ ಎಷ್ಟು ಕೆಲಸಕ್ಕೆ ಬಂತೆಂದರೆ, ನೀಲ್‌ನ ಬಂಡೆಗಳನ್ನು ನೋಡುವುದಕ್ಕೂ ಅದೇ ಆಧಾರ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಕಡಲಿನ ಇಳಿತ ಹೆಚ್ಚು. ಅಮಾವಾಸ್ಯೆಗೆ ಪ್ರಯಾಣ ಬೇಡವೆಂದು ಗೊಣಗಿದ್ದ ಅತ್ತೆ ಆ ರಾತ್ರಿ ದಡದಲ್ಲಿ ಕುಳಿತು ನೀರಿಗೆ ಕೈಯಾಡಿಸುತ್ತಲೇ ಇದ್ದರು.

ಮೊಸಳೆ ಇದಾವಂತಲ್ಲ?

ಇವೆ, ಉಪ್ಪುನೀರಿನ ಮೊಸಳೆಗಳು. ಅವುಗಳ ನೆಲೆ ಮ್ಯಾಂಗ್ರೋವ್ ಕಾಡು, ಅಳಿವೆಯ ಬಾಯಿ. 2010ರಲ್ಲಿ ಹ್ಯಾವ್‌ಲಾಕಿನಲ್ಲೇ ಒಬ್ಬ ಪ್ರವಾಸಿಯ ಜೀವ ಹೋಗಿದೆ. ಎಚ್ಚರಿಕೆಯ ಫಲಕ ಇರುವಲ್ಲಿ, ಜನರಿಲ್ಲದ ತೊರೆಯ ಬಾಯಲ್ಲಿ, ಕತ್ತಲಾದ ಮೇಲೆ ಈಜಿಗೆ ಇಳಿಯಬೇಡಿ. ಜೀವರಕ್ಷಕರು ಇರುವ ಕಡೆ, ಅವರು ಹೇಳಿದ ಗೆರೆಯೊಳಗೆ ಆಡಿ. ದಿನನಿತ್ಯದ ಕಾಟ ಮಾತ್ರ ಮರಳಿನ ಸಣ್ಣ ನೊಣಗಳದ್ದು. ಬೆಳಿಗ್ಗೆ, ಸಂಜೆ ಕಾಲಿಗೆ ಕೊಬ್ಬರಿ ಎಣ್ಣೆ ದಪ್ಪಗೆ ಹಚ್ಚಿ, ಕಚ್ಚಿದರೆ ಕೆರೆಯಬೇಡಿ.

ಬಾರಾಟಾಂಗ್ ಗುಹೆ ನೋಡ್ಲೇಬೇಕು ಅಂತಾರೆ. ದಾರೀಲಿ ಜಾರವಾ ಜನ ಸಿಗ್ತಾರಂತೆ?

‘ಸಿಗ್ತಾರಂತೆ’ ಅನ್ನುವ ಆ ಮಾತಿಗಾಗಿಯೇ ನಾವು ಹೋಗಲಿಲ್ಲ. ಸುಣ್ಣಕಲ್ಲಿನ ಗುಹೆ, ಕೆಸರಿನ ಜ್ವಾಲಾಮುಖಿ, ಮ್ಯಾಂಗ್ರೋವ್ ನಡುವಿನ ದೋಣಿದಾರಿ ಎಲ್ಲವೂ ಚೆಂದವೇ. ಆದರೆ ರಸ್ತೆ ಹೋಗುವುದು ಜಾರವಾ ಎಂಬ ಬುಡಕಟ್ಟು ಜನರ ಸಂರಕ್ಷಿತ ಕಾಡಿನ ಎದೆಯ ಮೇಲೆ. ಗಾಡಿಗಳನ್ನು ಸಾಲುಗಟ್ಟಿಸಿ ಪೊಲೀಸ್ ಕಾವಲಿನಲ್ಲಿ ಬಿಡುತ್ತಾರೆ. ನಿಲ್ಲಿಸುವುದು, ಫೋಟೊ ತೆಗೆಯುವುದು, ತಿಂಡಿ ಕೊಡುವುದು ಅಪರಾಧ. ಮೃಗಾಲಯದ ಸಫಾರಿಯಂತೆ ಕಿಟಕಿಗೆ ಅಂಟಿಕೊಂಡ ಕಣ್ಣುಗಳ ನಡುವೆ ನನ್ನ ಮಕ್ಕಳ ಕಣ್ಣೂ ಇರುವುದು ಬೇಡ ಅನಿಸಿತು. ಮೇಲಾಗಿ ನಡುರಾತ್ರಿ ಮೂರಕ್ಕೆ ಹೊರಡಬೇಕು. ಆ ದಿನ ನಾವು 1883ರ ಚಾಥಮ್ ಮರ ಕೊಯ್ಯುವ ಮಿಲ್ಲು ನೋಡಿ, ಚಿಡಿಯಾ ಟಾಪುವಿನಲ್ಲಿ ಸೂರ್ಯಾಸ್ತಕ್ಕೆ ಕುಳಿತೆವು.

ಮಗಳು ಚಿಪ್ಪು, ಹವಳದ ಚೂರು ಆರಿಸಿಟ್ಟುಕೊಂಡಿದ್ದಾಳೆ. ತರಬಹುದಾ?

ದಡದಲ್ಲೇ ಸುರಿದು ಬರಲಿ. ಹವಳ, ಹಲವು ಜಾತಿಯ ಶಂಖ ಚಿಪ್ಪುಗಳು 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ. ಸತ್ತ ಹವಳಕ್ಕೂ ಅದೇ ನಿಯಮ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ. ನೆನಪಿಗೆ ಏನಾದರೂ ಬೇಕಾದರೆ ಪೋರ್ಟ್ ಬ್ಲೇರ್‌ನ ಸರ್ಕಾರಿ ಮಳಿಗೆಯಲ್ಲಿ ರಸೀದಿ ಸಮೇತ ಕೊಳ್ಳಿ.

ಹಡಗು ರದ್ದಾಗಿ ವಿಮಾನ ತಪ್ಪಿದ್ರೆ ಏನು ಮಾಡೋದು?

ತಪ್ಪದ ಹಾಗೆ ಮೊದಲೇ ಮಾಡಿಕೊಳ್ಳುವುದು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಯಾವ ಹಡಗೂ ಹೊರಡದು, ಯಾರನ್ನು ಬೈದೂ ಪ್ರಯೋಜನವಿಲ್ಲ. 2016ರ ಡಿಸೆಂಬರ್‌ನಲ್ಲಿ ಹೀಗೆಯೇ ಹ್ಯಾವ್‌ಲಾಕ್, ನೀಲ್‌ಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಲುಕಿ, ನೌಕಾಪಡೆ, ಕೋಸ್ಟ್ ಗಾರ್ಡ್ ಹೋಗಿ ಕರೆತರಬೇಕಾಯಿತು. ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಬೇಕು ಅಂದದ್ದು ಇದಕ್ಕೇ. ಹ್ಯಾವ್‌ಲಾಕಿನಿಂದ ಬೆಳಿಗ್ಗೆ ಹಡಗು, ಮಧ್ಯಾಹ್ನ ವಿಮಾನ ಎಂದು ಹೊಂದಿಸಿಕೊಡುವ ಪ್ಯಾಕೇಜು ಎಷ್ಟೇ ಅಗ್ಗವಾದರೂ ಬೇಡ.

ನೀಲ್‌ನಿಂದ ಹೊರಡುವ ದಿನ ನಮ್ಮ ಬೆಳಗಿನ ಹಡಗೂ ರದ್ದಾಯಿತು, ಯಂತ್ರದ ದೋಷವಂತೆ. ಜೆಟ್ಟಿಯಲ್ಲಿ ಒಂದಿಬ್ಬರು ಅದೇ ದಿನದ ವಿಮಾನದ ಟಿಕೆಟ್ ಹಿಡಿದು ಕಿರುಚಾಡುತ್ತಿದ್ದರು. ನಮಗೆ ಸಂಜೆಯ ಹಡಗಿನಲ್ಲಿ ಸೀಟು ಸಿಕ್ಕಿತು. ಅಲ್ಲಿಯವರೆಗೆ ಮಾಡಲು ಕೆಲಸವಿರಲಿಲ್ಲ. ಜೆಟ್ಟಿಯ ಪಕ್ಕದ ಅಂಗಡಿಯಲ್ಲಿ ಎಳನೀರು ಕುಡಿದು ಮಕ್ಕಳು ಮತ್ತೆ ಭರತಪುರದ ನೀರಿಗೆ ಇಳಿದರು, ಒಣಗಿಸಿ ಮಡಚಿಟ್ಟ ಬಟ್ಟೆಯಲ್ಲೇ.